ಹದಿನೇಳನೆಯವಳಿಗೆ

ಐವತ್ತೆರಡು ಡಿಗ್ರಿಗೆ ಕಾಯಿಸಿದ ತಗಡು.
ನನ್ನ ಬಲಗಾಲ ಕೆಳಗೆ ಪೆಡಲು, ಕೈಯಲ್ಲಿ ನೀನು.
ಇಳಿಸಿದೊಡನೆ ಗಡಿಯಾರ ಓಡುತ್ತದೆ,
ನೀನು ಹಿಂಗಾಲು ನೆಕ್ಕಿದೊಡನೆ ನಿಲ್ಲುತ್ತದೆ.
ಅಷ್ಟೇ ಕೆಲಸ. ಅಷ್ಟಕ್ಕೆ ಸಂಬಳ.

ಪಕ್ಕದ ಗೂಡಿನ ಗಂಡಿಗೂ ಇದೇ ಸೀಸೆಯ ಮಾರ್ಫಿನ್,
ತೂಕಕ್ಕೆ ತಕ್ಕ ಇದೇ ಅಳತೆ.
ಇಪ್ಪತ್ತಾರು ಸೆಕೆಂಡು ನಿಂತಿದ್ದ,
ಬಸ್ಸಿಗೆ ಕಾಯುವ ಗುಮಾಸ್ತನ ಹಾಗೆ.
ನೀನು ಹನ್ನೊಂದಕ್ಕೇ ಕಾಲೆತ್ತಿದೆ.

ಹನ್ನೊಂದು, ಬರೆದುಕೊಂಡೆ.
ಸುಳ್ಳು ಹೇಳಿ ಇಲಿಗೇನು ಲಾಭ?

ಅಬರ್ಡೀನಿನ ಈ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ
ಗಂಡಿಲಿಗಳಿಗೇ ಮರದ ಹೊಟ್ಟು ಹಾಸಿದವಳು ನಾನು.
ಹೆಣ್ಣು ಬೇಡ, ನಾಲ್ಕೈದು ದಿನಕ್ಕೊಮ್ಮೆ ಅದರ ಮೈ ತಿರುಗುತ್ತದೆ,
ಲೆಕ್ಕ ಕದಡುತ್ತದೆ, ಎನ್ನುತ್ತಿದ್ದರು ದೊಡ್ಡವರು.
ಆ ಕದಡದ ಲೆಕ್ಕವೇ ಪುಸ್ತಕವಾಯಿತು,
ಪುಸ್ತಕ ಓದಿದವನು ಡಾಕ್ಟರಾದ,
ಡಾಕ್ಟರು ಒಂದು ಫೆಬ್ರವರಿ ಬೆಳಿಗ್ಗೆ
ನನ್ನ ಅವ್ವನ ಮಂಚದ ಬುಡಕ್ಕೆ ಬಂದು ನಿಂತ.

ಅವ್ವನ ವಿಚಾರ ಹೇಳಲೇ? ನಿನಗೆ ಹೊತ್ತಿದೆ ತಾನೆ.
ಹದಿನಾರಕ್ಕೇ ಹೆರಿಂಗ್ ಮೀನಿನ ಬೆನ್ನು ಹತ್ತಿ
ಲೆರ್ವಿಕ್‌ನಿಂದ ಯಾರ್ಮತ್‌ವರೆಗೆ ಹೋದವಳು.
ನಿಮಿಷಕ್ಕೆ ಐವತ್ತು ಮೀನು ಸೀಳುವ ಕೈ.
ಹಿಟ್ಟಿನ ಚೀಲ ಹರಿದು ಬೆರಳಿಗೆಲ್ಲ ಸುತ್ತಿದ ಪಟ್ಟಿ,
ಪಟ್ಟಿಯೊಳಗೆ ಚಾಕುವಿನ ಗಾಯ, ಗಾಯದೊಳಗೆ ಉಪ್ಪು.
ಆಗ ಮಾತು ಅರೆಕ್ಷಣ ತಡೆಯುತ್ತಿತ್ತಂತೆ,
ಆಮೇಲೆ ಅದೇ ಜಾಗದಿಂದ ಮುಂದಕ್ಕೆ.

ಅಂಥವಳು, ಹುಣ್ಣು ಮೂಳೆಗೆ ಇಳಿದಾಗ,
"ಎಲ್ಸ್‌ಪೆತ್, ಇದು ನಾಟುತ್ತಿಲ್ಲ ಕಣೇ" ಅಂದಳು.
ಆಚೆ ವಾರ್ಡಿನಲ್ಲಿ ಡೂಥಿ ಎಂಬ ದೋಣಿಯ ಯಜಮಾನ
ಅದೇ ಹುಣ್ಣಿಗೆ ಅದೇ ಸೂಜಿ ಚುಚ್ಚಿಸಿಕೊಂಡು
ಗೊರಕೆ ಹೊಡೆಯುತ್ತಿದ್ದ.
ಅವ್ವನ ಹಾಳೆಯ ಕೊನೆಗೆ, ಷರಾ ಎಂಬಲ್ಲಿ,
ಯಾರೋ ಬರೆದಿದ್ದರು: ಆತಂಕದ ಸ್ವಭಾವ.

ನಾನೂ ಅಂದೆ, "ಸ್ವಲ್ಪ ತಾಳಿಕೋ ಅವ್ವ."
ತಲೆ ಬಾಚುತ್ತಾ ಅಂದೆ.
ಹಗಲೆಲ್ಲ ಸೆಕೆಂಡು ಎಣಿಸಿ ಬಂದವಳು
ಅವಳದನ್ನು ಎಣಿಸಲಿಲ್ಲ.

ಹೋದ ವರ್ಷ ಪೋಲೆಂಡಿನಿಂದ ಬಂದಳು ಬೊಗುಮೀವಾ.
ಮೊದಲ ದಿನವೇ ಪಟ್ಟಿ ಕೊಟ್ಟಳು: ಹೆಣ್ಣು, ನಲವತ್ತು.
ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು.
ಮಿದುಳಿನ ನಡುವೆ ಕೂದಲೆಳೆಯಷ್ಟು ಕಾಲುವೆ,
ಸುತ್ತ ಬೂದು ದಡ,
ನಮ್ಮೂರಿನ ಕಲ್ಲುಗೋಡೆಗಳ ಬೂದು, ಕಡಲಿನಿಂದ ಮಂಜು ಹತ್ತಿದಾಗಿನದು.
ನೋವಿನ ಬಾಗಿಲು ಮುಚ್ಚುವುದು ಅಲ್ಲಿಂದಲೇ.
ಅಲ್ಲಿ ಕಾವಲಿನ ಕೋಶಗಳಿವೆ; ನಿನ್ನ ಕುಲದ ಹೆಣ್ಣುಗಳಲ್ಲಿ
ಹೆಚ್ಚು ಎಚ್ಚರವಾಗಿ ಕೂತಿರುತ್ತವಂತೆ.
ಮಾರ್ಫಿನ್ ಬಂದರೆ ಕಳ್ಳ ಬಂದನೆಂದು
ಊರೆಲ್ಲ ಎಬ್ಬಿಸುತ್ತವೆ. ನೆಂಟ ಹೊರಗೇ ಉಳಿಯುತ್ತಾನೆ.

"ಮನುಷ್ಯರಲ್ಲೂ ಹೀಗೇನಾ?" ಕೇಳಿದೆ.
"ಗೊತ್ತಿಲ್ಲ" ಅಂದಳು. ಆ ಮಾತಿಗೇ ಅವಳು ನನಗೆ ಹಿಡಿಸಿದ್ದು.

ಇವತ್ತು ನಿನ್ನ ಸರದಿ ಮತ್ತೆ.
ಮೊದಲು ಕಾವಲಿನವರನ್ನು ಮಲಗಿಸುವ ಹನಿ,
ಆಮೇಲೆ ಅದೇ ಮಾರ್ಫಿನ್, ಅದೇ ಅಳತೆ.
ಇಳಿಸಿದೆ. ಪೆಡಲು ಒತ್ತಿದೆ.
ಹನ್ನೊಂದು ಬಂತು, ಹೋಯಿತು.
ಹದಿನೈದು. ನೀನು ಮೀಸೆ ಆಡಿಸುತ್ತಿದ್ದೆ.
ಇಪ್ಪತ್ತು. ಹೊರಗೆ ಕಡಲಹಕ್ಕಿ ಕಸದ ಡಬ್ಬಿ ಬೀಳಿಸಿತು.
ಇಪ್ಪತ್ತನಾಲ್ಕು.

ಎತ್ತಿಕೊಂಡೆ. ನಿನ್ನ ಎದೆ ನನ್ನ ಹೆಬ್ಬೆರಳಿಗೆ ಬಡಿಯುತ್ತಿತ್ತು.
ಶುಕ್ರವಾರ ನಿನ್ನ ಮಿದುಳು ಹೋಳಾಗಿ ಗಾಜಿನ ಮೇಲೆ ಕೂರುತ್ತದೆ,
ಅದನ್ನೂ ನಾನೇ ಮಾಡುವವಳು.
ಕ್ಷಮೆ ಕೇಳಿದರೆ ನಿನಗೆ ಪ್ರಯೋಜನವಿಲ್ಲ.

ನಮ್ಮ ಹಾಳೆಯಲ್ಲೂ ಷರಾ ಎಂಬ ಅಂಕಣ ಉಂಟು.
ಮೂವತ್ತೊಂದು ವರ್ಷ ಖಾಲಿ ಬಿಟ್ಟದ್ದು.
ಪೆನ್ಸಿಲಿನಲ್ಲಿ ಬರೆದೆ:
ಮೊದಲ ಸಲ ಹೇಳಿದ್ದೂ ನಿಜವೇ.

ಬೊಗುಮೀವಾ ಓದಿದಳು, ನನ್ನ ಮುಖ ನೋಡಿದಳು,
ರಬ್ಬರು ಅಲ್ಲೇ ಇತ್ತು,
ಮುಟ್ಟಲಿಲ್ಲ.